ಬೇಲಿ ಹೋದ ಮೇಲೆ ಮುಳ್ಳಮ್ಮ: ಮಾನ್ಯ ನರಿಯವರ ಗಮನಕ್ಕೆ

ಹೊಲದಾಚೆಯ ಬಿಲದಲ್ಲಿ ಸಂಸಾರ ಸಮೇತ ಸುಖವಾಗಿರುವ, ಪೊದೆಬಾಲದ ಮಾನ್ಯ ನರಿಯವರೇ,

ತಮ್ಮ ಆರೋಗ್ಯ ವಿಚಾರಿಸುವ ಅಗತ್ಯ ಕಾಣುವುದಿಲ್ಲ. ನಿನ್ನೆ ಬೆಳಿಗ್ಗೆ ನನ್ನ ಕೋಸಿನ ಪಾತಿಯ ಪಕ್ಕದಲ್ಲಿ ತಾವು ಮೈಮುರಿದು ಆಕಳಿಸಿದ ಠೀವಿಯಲ್ಲೇ ಎಲ್ಲ ತಿಳಿಯಿತು. ನಾನು ಆ ಕೋಸು ಬೆಳೆದು ಮಾರಿ ಬದುಕುವವಳು.

ನಮ್ಮ ಹೊಲದ ಬೇಲಿಯ ಬುಡದಲ್ಲಿ, ಒಣಗಿದೆಲೆಗಳ ನಡುವೆ, ಒಂದು ಮುಳ್ಳಿಲಿ ಮರಿಗಳೊಂದಿಗೆ ವಾಸವಾಗಿದ್ದುದು ತಮಗೆ ಗೊತ್ತೇ ಇದೆ. ಅಂಗೈಯಗಲದ ಜೀವ, ಬೆನ್ನ ತುಂಬ ಮುಳ್ಳು, ಹೆದರಿದರೆ ಉಂಡೆ. ನಮ್ಮ ಅತ್ತೆ ಅದಕ್ಕೆ ಮುಳ್ಳಮ್ಮ ಎಂದು ಹೆಸರಿಟ್ಟಿದ್ದರು. ಸಂಜೆಯಾದರೆ ಮುಳ್ಳಮ್ಮ ಪಾತಿಗೆ ಬಂದು ಬಸವನಹುಳುಗಳನ್ನು ಕುರುಕುರು ತಿನ್ನುತ್ತಿದ್ದಳು. ನನ್ನ ಕೋಸು ಉಳಿಯುತ್ತಿತ್ತು.

ಹೀಗಿರುವಾಗ ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವನವರು, ಟ್ರ್ಯಾಕ್ಟರ್ ಸಲೀಸಾಗಿ ತಿರುಗಲೆಂದು ಇಡೀ ಬೇಲಿಯನ್ನು ಬುಡಸಮೇತ ಕಿತ್ತುಹಾಕಿದರು. ಅಡಗಲು ಜಾಗವಿಲ್ಲದ ಮುಳ್ಳಮ್ಮ ಮರಿಗಳನ್ನು ಕರೆದುಕೊಂಡು ಬಯಲು ದಾಟಬೇಕಾಯಿತು, ತಾವು ಅಲ್ಲೇ ಇದ್ದಿರಿ. ಮರುದಿನ ನನಗೆ ಸಿಕ್ಕಿದ್ದು ಒಂದು ಮರಿಯ ಮುಳ್ಳುತೊಗಲು ಮಾತ್ರ, ಪಾತ್ರೆ ಉಜ್ಜುವ ಬ್ರಷ್ಷಿನಷ್ಟು. ತಮ್ಮ ಊಟದ ಅಚ್ಚುಕಟ್ಟುತನವನ್ನು ಮೆಚ್ಚಿಕೊಳ್ಳುತ್ತಲೇ ನಾನು ಕಣ್ಣೀರು ಹಾಕಿದೆ.

ಭಾವನವರು ನರಿಯವರಾದ ತಮ್ಮ ನಡತೆಯ ಕುರಿತು ದೀರ್ಘವಾಗಿ ಮಾತಾಡಿ, ಕಾಲನ್ನು ಕಚ್ಚಿ ಹಿಡಿಯುವ ಕಬ್ಬಿಣದ ಬೋನೊಂದನ್ನು ತಂದು ಹೊಲದಂಚಿಗೆ ಇಟ್ಟರು. ಅದಕ್ಕೆ ಸಿಕ್ಕಿಬಿದ್ದದ್ದು ಅವರದೇ ಬೂಟಿನ ಮೂತಿ. ಬೂಟು ಒಂದಳತೆ ದೊಡ್ಡದಿದ್ದುದರಿಂದ ಬೆರಳುಗಳು ಊದಿಕೊಂಡರೂ ಬಚಾವಾದವು. ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಅವರು ನರಿವಂಶವನ್ನೆಲ್ಲ ಬಯ್ಯುತ್ತಿದ್ದಾಗ, ಟವೆಲ್ ತಂದ ಅತ್ತೆ ಮೆಲ್ಲಗೆ ಹೇಳಿದರು: "ನರಿಗೆ ಯಾಕಪ್ಪ ಬಯ್ತೀಯ? ಅದು ಮೊದಲಿಂದಲೂ ಇಲ್ಲೇ ಇತ್ತು, ಮುಳ್ಳಮ್ಮನೂ ಇದ್ದಳು. ಇಲ್ಲದೆ ಹೋಗಿದ್ದು ಬೇಲಿ ಒಂದೇ."

ಭಾವನವರು ಟವೆಲ್ ತೆಗೆದುಕೊಂಡು ಕಾಲೊರೆಸಿಕೊಂಡರು.

ಮುಳ್ಳಮ್ಮ ಈಗ ಊರೊಳಗೆ, ಕ್ಷೌರದಂಗಡಿಯ ಹಿತ್ತಲ ಸೌದೆರಾಶಿಯಲ್ಲಿ, ಉಳಿದ ಮರಿಗಳೊಂದಿಗೆ ಇದ್ದಾಳೆ. ವಾಪಸು ಕಳಿಸಿಕೊಡಿ ಎಂದು ಕೇಳಿದರೆ, ಅವಳಾಗಿಯೇ ಬಂದಿದ್ದಾಳೆ, ಅವಳಾಗಿಯೇ ಹೋಗಲಿ ಎನ್ನುತ್ತಾರೆ ಅಂಗಡಿಯವರು. ಇತ್ತ ನನ್ನ ಕೋಸೆಲ್ಲ ಜಾಲರಿಯಾಗಿದೆ.

ಕಳೆದ ವಾರ ಹೊಸ ಬೇಲಿಗೆ ಸಸಿ ನೆಟ್ಟೆವು. ಗುಂಡಿ ತೋಡಿದವರು ಭಾವನವರೇ, ಕುಂಟುತ್ತ, ಯಾರ ಮುಖವನ್ನೂ ನೋಡದೆ. ಆದಕಾರಣ ತಮ್ಮಲ್ಲಿ ಅರಿಕೆ: ಸಸಿಗಳು ಸೊಂಟದೆತ್ತರಕ್ಕೆ ಬಂದು ಕೊಂಬೆಗೆ ಕೊಂಬೆ ಹೆಣೆದುಕೊಳ್ಳುವ ತನಕ ದಯವಿಟ್ಟು ಇಲಿಗಳಲ್ಲೇ ತೃಪ್ತರಾಗಿರಬೇಕು, ಮುಳ್ಳಮ್ಮ ಮರಳಿದ ದಿನ ಬೇರೆ ದಿಕ್ಕಿಗೆ ನೋಡಬೇಕು, ಇವೆರಡೂ ಆಗದಿದ್ದಲ್ಲಿ, ಅವಳ ಕೆಲಸ ವಹಿಸಿಕೊಂಡು ದಿನಾ ಸಂಜೆ ಬಂದು ಬಸವನಹುಳುಗಳನ್ನು ತಾವೇ ತಿನ್ನಬೇಕು.

ಹಗಲು ಹೊತ್ತಿನ ಮಟ್ಟಿಗೆ ತಮ್ಮ ವಿಶ್ವಾಸಿ,
ಕೋಸಿನ ಪಾತಿಯವಳು

ವಿ.ಸೂ.: ಇಲಿಗಳಿಂದ ಹೊಟ್ಟೆ ತುಂಬದಿದ್ದರೆ ತಿಳಿದಿರಲಿ, ಇಲ್ಲಿರುವ ಎರಡು ಕೋಳಿಗೂಡುಗಳಲ್ಲಿ ಹಸಿರು ಬಾಗಿಲಿನದು ನನ್ನದು, ಅದಕ್ಕೆ ಬೀಗವಿದೆ. ಇನ್ನೊಂದು ಭಾವನವರದು, ಅಗುಳಿ ಹಾಕುವುದನ್ನು ಅವರು ಆಗಾಗ ಮರೆಯುತ್ತಾರೆ. ಇದು ಬಹಿರಂಗ ಪತ್ರವಾದ್ದರಿಂದ ಅವರೂ ಓದುತ್ತಾರೆ. ತಾವು ಅವರಿಗಿಂತ ಬೇಗ ಓದುವಿರೆಂದು ನಂಬಿದ್ದೇನೆ.