ಮುನಿರತ್ನನ ವೈನು ಸಿಹಿಯಾದದ್ದು

ಭಾನುವಾರ ಮಧ್ಯಾಹ್ನ ಊಟಕ್ಕೆ ಮುಂಚೆ ಹೊಸ ಬಾಟಲಿಯ ಬಿರಡೆ ತೆಗೆದು, ಲೋಟಕ್ಕೆ ಎರಡು ಬೆರಳಷ್ಟು ಬಗ್ಗಿಸಿಕೊಂಡು, ಒಂದು ಗುಟುಕು ಬಾಯಿಗೆ ಹಾಕಿಕೊಂಡ ಜಯರಾಮಯ್ಯ ಹಾಗೆಯೇ ಕೂತುಬಿಟ್ಟರು. ನುಂಗಲು ಮನಸ್ಸಿಲ್ಲ, ಉಗುಳಲು ಜಾಗವಿಲ್ಲ. ಮಕ್ಕಳ ಕೆಮ್ಮಿನ ಔಷಧಿಯನ್ನು ತಪ್ಪಿ ಕುಡಿದಂತಿತ್ತು.

"ಏನ್ರೀ, ಹಲ್ಲು ನೋವಾ?" ಎಂದು ಹೆಂಡತಿ ಆದಿಲಕ್ಷ್ಮಿ ಕೇಳಿದರು.

ಜಯರಾಮಯ್ಯ ಕಷ್ಟಪಟ್ಟು ನುಂಗಿದರು. "ಸಿಹಿಯಾಗಿದೆ ಕಣೇ" ಎಂದರು, ಹತ್ತಿರದವರು ಯಾರೋ ತೀರಿಕೊಂಡ ಸುದ್ದಿ ಹೇಳುವ ದನಿಯಲ್ಲಿ.

ಅವರು ಹೊಸೂರಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವರು. ತುಮಕೂರು ಕಡೆಯಿಂದ ಬಂದು ಇಲ್ಲೇ ನೆಲೆನಿಂತಿದ್ದರು. ಬೀಡಿಯಿಲ್ಲ, ಇಸ್ಪೀಟಿಲ್ಲ. ಭಾನುವಾರದ ಈ ಒಂದಿಷ್ಟು ವೈನೇ ಅವರ ಚಟ. ಅದೂ ಮುನಿರತ್ನ ಮಾಡಿದ್ದೇ ಆಗಬೇಕು. ಮುನಿರತ್ನ ಮೊದಲು ಅವರ ಕೈಕೆಳಗೆ ಸ್ಟೋರ್ಸಿನಲ್ಲೇ ಇದ್ದವನು. ನಟ್ಟು ಬೋಲ್ಟು ಎಣಿಸಿ ಬೇಸತ್ತು ಕೆಲಸ ಬಿಟ್ಟ. ಬಾಗಲೂರು ಕಳೆದು ಕರ್ನಾಟಕದ ಗಡಿ ದಾಟಿದರೆ ಸಿಗುವ ಮಾವನ ಹೊಲದಲ್ಲಿ ದ್ರಾಕ್ಷಿ ಹಾಕಿ, ಸಣ್ಣದೊಂದು ವೈನರಿ ಕಟ್ಟಿಕೊಂಡಿದ್ದ. ಅವನ ವೈನು ಭಾರಿ ಒಗರು. ಬಾಯಿಗೆ ಬಿದ್ದ ಕೂಡಲೇ ನಾಲಿಗೆಯನ್ನು ಹಿಡಿದು ಜಗ್ಗಿ, ಕೆನ್ನೆಗಳನ್ನು ಒಳಕ್ಕೆಳೆದು, ಸಾಲ ಕೇಳಲು ಬಂದ ನೆಂಟನ ಹಾಗೆ ಗಂಟಲಲ್ಲೇ ಬಹಳ ಹೊತ್ತು ಕೂತಿರುತ್ತಿತ್ತು. ಜಯರಾಮಯ್ಯನಿಗೆ ಅದೇ ಇಷ್ಟ. ಸಿಕ್ಕವರಿಗೆಲ್ಲ ಅದನ್ನು ಹೊಗಳುತ್ತಿದ್ದರು. ಈಗ ಆ ಒಗರು ಎಲ್ಲಿ ಹೋಯಿತು?

ಬಾಟಲಿ ತೆಗೆದ ಸದ್ದು ಗೋಡೆಯಾಚೆಗೂ ಕೇಳಿತ್ತು. ಕರೆಂಟಾಫೀಸಿನಿಂದ ನಿವೃತ್ತರಾದ ಪಕ್ಕದ ಮನೆಯ ಪಾಪಣ್ಣ ಸ್ವಂತ ಲೋಟ ಹಿಡಿದುಕೊಂಡೇ ಬಂದರು. ವಿಷಯ ತಿಳಿದು, ಪರೀಕ್ಷೆ ಮಾಡೋಣವೆಂದು ಒಂದು ಲೋಟ ಕುಡಿದರು. ಏನೂ ತಿಳಿಯಲಿಲ್ಲವೆಂದು ಇನ್ನೊಂದು ಕುಡಿದರು. ಮೂರನೆಯದಕ್ಕೆ ಕೈ ಚಾಚಿದಾಗ ಜಯರಾಮಯ್ಯ ಬಾಟಲಿಯನ್ನು ಈಚೆಗೆ ಎಳೆದುಕೊಳ್ಳಬೇಕಾಯಿತು.

ಇದು ಕೆಲಸದವರ ಕಿತಾಪತಿ ಎಂದು ಪಾಪಣ್ಣ ತೀರ್ಪು ಕೊಟ್ಟರು. ಮುನಿರತ್ನನಿಗೆ ಗೊತ್ತಿಲ್ಲದೆ ಯಾರೋ ಸಕ್ಕರೆ ಸುರಿಯುತ್ತಿದ್ದಾರೆ, ಇವತ್ತೇ ಹೋಗಿ ಹೇಳದಿದ್ದರೆ ಅವನ ಹೆಸರು ಹಾಳಾಗುತ್ತದೆ ಎಂದರು. ಫೋನು ಮಾಡಿದರೆ ಸಾಲದೇ ಎಂದರು ಆದಿಲಕ್ಷ್ಮಿ. ಪಾಪಣ್ಣನ ಹೆಂಡತಿ ರುಕ್ಮಿಣಮ್ಮ ಮಾತ್ರ ಕಾಂಪೌಂಡಿನ ಆಚೆಯಿಂದಲೇ, ಹೇಳಲೇಬೇಡಿ, ನಮ್ಮ ಅಡುಗೆಗೆ ಹೆಸರಿಟ್ಟವರ ಮುಖ ನಾವು ಮತ್ತೆ ನೋಡುತ್ತೇವೆಯೇ ಎಂದರು. ಜಯರಾಮಯ್ಯನ ಅಳುಕೂ ಅದೇ. ಸ್ನೇಹ ಹೋದರೆ ಬೇರೆಲ್ಲಿ ತರುವುದು? ಆದರೆ ಸ್ನೇಹಿತನಾಗಿ ಹೇಳದೆ ಇರುವುದು ಹೇಗೆ? ಅವರು ಇನ್ನೂ ಯೋಚಿಸುತ್ತಿರುವಾಗಲೇ ಪಾಪಣ್ಣ ಉಳಿದರ್ಧ ಬಾಟಲಿಯನ್ನು ಸಾಕ್ಷಿಗೆಂದು ಎತ್ತಿಕೊಂಡು ಅವರ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತಾಗಿತ್ತು.

ದಾರಿಯುದ್ದಕ್ಕೂ ಜಯರಾಮಯ್ಯ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ನಯಗೊಳಿಸುತ್ತ ಹೋದರು. ಬಾಗಲೂರು ದಾಟಿದ ಮೇಲೆ ಹಿಂದೆ ಕೂತಿದ್ದ ಪಾಪಣ್ಣ ಮತ್ತೊಮ್ಮೆ ಪರೀಕ್ಷೆ ಮಾಡುವ ಮನಸ್ಸಿನಿಂದ ಬಿರಡೆ ತೆಗೆದರು. ಅದೇ ಹೊತ್ತಿಗೆ ಸ್ಕೂಟರು ಹಳ್ಳಕ್ಕಿಳಿಯಿತು. ಬಾಟಲಿಯಲ್ಲಿದ್ದದ್ದೆಲ್ಲ ಜಯರಾಮಯ್ಯನ ಕತ್ತಿನ ಮೇಲೆ ಸುರಿದು, ಬಿಳಿ ಅಂಗಿಯ ಬೆನ್ನಿನ ತುಂಬ ಹರಿಯಿತು.

ಒರೆಸಿಕೊಳ್ಳಲೆಂದು ಒಂದು ಹಳ್ಳಿಯ ಟೀ ಅಂಗಡಿಯ ಮುಂದೆ ನಿಲ್ಲಿಸಿದ್ದೇ ತಪ್ಪಾಯಿತು. ಕಟ್ಟೆಯ ಮೇಲಿದ್ದ ಮುದುಕಿಯೊಬ್ಬಳು ಆ ಕೆಂಪನ್ನು ಕಂಡು ಎದೆ ಹಿಡಿದುಕೊಂಡು, "ಅಯ್ಯೋ ನಾಯನಾ, ಕತ್ತೇ ಕುಯ್ದೋಗೈತಲ್ಲಪ್ಪಾ" ಎಂದಳು. ನಾಲ್ಕು ಹೆಂಗಸರು ಓಡಿ ಬಂದರು. ಅಷ್ಟು ಜನ ಹೆಂಗಸರ ನಡುವೆ ಇದು ರಕ್ತವಲ್ಲ, ವೈನು ಎನ್ನಲು ಜಯರಾಮಯ್ಯನಿಗೆ ಬಾಯಿ ಬರಲಿಲ್ಲ. ಪಾಪಣ್ಣನೂ ತನ್ನ ಕೈಯ ಖಾಲಿ ಬಾಟಲಿಯನ್ನು ಮೆಲ್ಲಗೆ ಬೇಲಿಯಾಚೆ ಇಳಿಸಿ, ಸ್ಕೂಟರಿನಿಂದ ಬಿದ್ದರು ಪಾಪ ಎಂದುಬಿಟ್ಟರು. ಮುದುಕಿ ಅರಿಸಿನ ಮೆತ್ತಿ, ಹಳೇ ಸೀರೆ ಹರಿದು, ಗಲ್ಲದಿಂದ ಭುಜದವರೆಗೆ ಸುತ್ತಿ ಬಿಗಿದಳು. ಅಲ್ಲಿಂದ ಮುಂದೆ ಅವರ ತಲೆ ಆಚೆಗೂ ತಿರುಗಲಿಲ್ಲ, ಈಚೆಗೂ ತಿರುಗಲಿಲ್ಲ.

ವೈನರಿಯ ಅಂಗಳದ ತುಂಬ ಕಾರುಗಳು ನಿಂತಿದ್ದವು. ಜಯರಾಮಯ್ಯನನ್ನು ಆ ವೇಷದಲ್ಲಿ ಕಂಡ ಮುನಿರತ್ನ ಓಡಿ ಬಂದು, ಕೈಹಿಡಿದು ಒಳಗೆ ಕೂರಿಸಿದ. ಅಲ್ಲಿ ಎಲ್ಲವೂ ವೈನು ನಾರುತ್ತಿದ್ದುದರಿಂದ ಅಂಗಿಯ ವಾಸನೆ ಅವನಿಗೆ ಬೇರೆಯಾಗಿ ತಿಳಿಯಲಿಲ್ಲ. ಜಯರಾಮಯ್ಯ ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಮುನಿರತ್ನನೇ ನೆಲ ನೋಡುತ್ತ ಶುರುಮಾಡಿದ.

"ಜಯರಾಮಣ್ಣ, ಒಂದ್ಮಾತು ಹೇಳ್ಬೇಕು, ಬೈಬೇಡ. ನಿನ್ನ ಬುಟ್ರೆ ನನ್ ವೈನ್‌ನ ಯಾರೂ ಕುಡೀತಿರ್ಲಿಲ್ಲ ಕಣಣ್ಣ. ಅಂಗ್ಡಿಯೋರೆಲ್ಲ ವಾಪಸ್ ಕಳಿಸ್ಬುಡೋರು. ನೀನೊಬ್ಬ ಅಷ್ಟು ಆಸೆಯಿಂದ ಹೊಗಳ್ತಿದ್ದೆ. ನಿನ್ಗೆ ಬೇಜಾರಾಗ್ಬಾರ್ದು ಅಂತ ವರ್ಷ ವರ್ಷಾನೂ ಹಂಗೇ ಮಾಡ್ಕೊಂಡ್ ಬಂದೆ."

ಜಯರಾಮಯ್ಯ ಕತ್ತಿನ ಸೀರೆಯ ಗಂಟನ್ನು ತಡವಿಕೊಂಡರು.

"ಹೋದ್ವರ್ಷ ನಮ್ಮನೆಯೋಳು ತೋಟ ಮಾರ್ಬುಡಾನ ಅಂತ ಕುಂತ್ಕಂಡ್ಲು. ಅದ್ಕೇ ಈ ಸಲ ಸಿಹಿ ಮಾಡ್ದೆ. ಈಗ ಜನ ನಿಂತ್ಕಂಡು ಕಾಯ್ತವ್ರೆ. ನಿನ್ಗೆ ಮೊಕ ತೋರ್ಸಾಕೆ ಧೈರ್ಯ ಬರ್ಲಿಲ್ಲ, ಬಾಟ್ಲು ಮಾತ್ರ ಕಳಿಸ್ದೆ. ಹೆಂಗೈತಣ್ಣ, ನಿಜ ಹೇಳು."

ಕಿಟಕಿಯಾಚೆ ಅವನ ಹೆಂಡತಿ ನಗುನಗುತ್ತ ಗಿರಾಕಿಗಳಿಗೆ ಬಾಟಲಿ ಕಟ್ಟಿಕೊಡುತ್ತಿದ್ದಳು. ದಾರಿಯುದ್ದಕ್ಕೂ ನಯಗೊಳಿಸಿಕೊಂಡು ಬಂದಿದ್ದ ಮಾತನ್ನು ಜಯರಾಮಯ್ಯ, ಮಧ್ಯಾಹ್ನದ ಗುಟುಕಿನಷ್ಟೇ ಕಷ್ಟಪಟ್ಟು, ನುಂಗಿಕೊಂಡರು.

"ಚೆನ್ನಾಗಿದೆ ಕಣಯ್ಯ" ಎಂದರು.

ಮುನಿರತ್ನನ ಮುಖ ಅರಳಿತು. ಸ್ವಲ್ಪ ಹೊತ್ತು ಬಿಟ್ಟು, ಸುಮ್ಮನೆ ಕೇಳಿದವರ ಹಾಗೆ, ಮಾರಾಟವಾಗದ ಆ ಹಳೆಯ ವೈನು ಏನಾಯಿತೆಂದು ಜಯರಾಮಯ್ಯ ಕೇಳಿದರು. ಕೃಷ್ಣಗಿರಿಯ ಮಾವಿನ ಉಪ್ಪಿನಕಾಯಿಯವರು ಬಂದಿದ್ದರಂತೆ. ರುಚಿ ನೋಡಿ, ಹುಳಿಗೂ ಒಗರಿಗೂ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲವೆಂದು ಡ್ರಮ್ಮುಗಟ್ಟಲೆ ಹೊತ್ತುಕೊಂಡು ಹೋದರಂತೆ. ಹೋದದ್ದು ಮೊನ್ನೆ ಶುಕ್ರವಾರ.

ಹೊರಡುವಾಗ ಮುನಿರತ್ನ ಒಂದು ಚೀಲದ ತುಂಬ ಹೊಸ ಬಾಟಲಿ ಕೊಟ್ಟ, ಆ ಉಪ್ಪಿನಕಾಯಿಯವರು ಮೊದಲು ಒಂದು ಬಾಟಲಿ ಒಯ್ದು ಮಾದರಿಗೆಂದು ಮಾಡಿಕೊಟ್ಟಿದ್ದ ಉಪ್ಪಿನಕಾಯಿ ಜಾಡಿಯೊಂದನ್ನೂ ಮೇಲಿಟ್ಟ. ಚೀಲವನ್ನು ಪಾಪಣ್ಣ ಮೊಮ್ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಬಂದರು.

ಸಂಜೆಯ ಹೊತ್ತಿಗೆ ಬೀದಿಯವರೆಲ್ಲ ಲೋಟ ಹಿಡಿದು ಜಗಲಿಯಲ್ಲಿ ಸೇರಿದ್ದರು. ಇಷ್ಟು ವರ್ಷ ನಿಮ್ಮ ಮಾತು ನಂಬದೆ ಕೆಟ್ಟೆವು, ಎಂಥ ರುಚಿ ನಿಮ್ಮದು ಎಂದು ಜಯರಾಮಯ್ಯನನ್ನು ಕೊಂಡಾಡಿದರು. ಜಯರಾಮಯ್ಯ ಒಳಗೆ ಹೋಗಿ ಕತ್ತಿನ ಸೀರೆ ಬಿಚ್ಚಿ, ಮೊಸರನ್ನಕ್ಕೆ ಕೂತರು. ಪಕ್ಕದಲ್ಲಿ ಬಡಿಸಿದ್ದ ಉಪ್ಪಿನಕಾಯಿಯ ಹೋಳೊಂದನ್ನು ಬಾಯಿಗಿಟ್ಟರು. ನಾಲಿಗೆ ಹಿಡಿದು ಜಗ್ಗಿದಂತಾಯಿತು. ಕೆನ್ನೆ ಒಳಕ್ಕೆ ಹೋಯಿತು. ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಚೀಪಿದರು.

"ಇನ್ನೊಂದೆರಡು ಹೋಳು ಹಾಕೇ."

ಆದಿಲಕ್ಷ್ಮಿ ಜಾಡಿಯ ಮುಚ್ಚಳ ತಿರುಗಿಸಿ ಬಿಗಿಮಾಡಿದರು. "ಬಿ.ಪಿ. ಇರೋರು ಉಪ್ಪಿನಕಾಯಿ ಮುಟ್ಟಬಾರ್ದು ಅಂತ ಡಾಕ್ಟ್ರು ಹೇಳಿಲ್ವಾ? ಬಾಯಿಗೆ ರುಚಿ ಬೇಕು ಅಂದ್ರೆ ಹೊರಗಡೆ ವೈನಿದೆ, ಹೋಗಿ ಕುಡೀರಿ. ಈ ಸಲ ಚೆನ್ನಾಗಿದೆಯಂತೆ" ಎಂದು ಹೇಳಿ, ಜಾಡಿಯನ್ನು ರುಕ್ಮಿಣಮ್ಮನಿಗೆ ಕೊಡಲು ಎತ್ತಿಕೊಂಡು ಹೊರಟರು.