ಅತ್ತೆಯ ಮುಂದೆ ನಿಂತ ಗಾಡಿ

ಗಡಹಿಂಗ್ಲಜದ ರಸ್ತೆ ಮಾಡಿಸಿದವರು ಯಾರೋ ಇರಬಹುದು, ರಸ್ತೆಯ ಯಜಮಾನಿಕೆ ಮಾತ್ರ ನಮ್ಮ ಸೋದರತ್ತೆಯದು! ಎಡಕ್ಕೂ ನೋಡುವುದಿಲ್ಲ, ಬಲಕ್ಕೂ ನೋಡುವುದಿಲ್ಲ. ಅಕ್ಕಿಯ ಡಬ್ಬಿ ಹಿಡಿದು ನಡುರಸ್ತೆಯಲ್ಲಿ ಬಸದಿಗೆ ಹೊರಟರೆಂದರೆ ಎಸ್‌ಟಿ ಬಸ್ಸು ಕೂಡ ಮೆರವಣಿಗೆಗೆ ಬಂದಂತೆ ಹಿಂದೆ ಹಿಂದೆ ಬರಬೇಕು.

ನೋಡಿದರೂ ಅವರಿಗೆ ಕಾಣುವುದು ಅಷ್ಟಕ್ಕಷ್ಟೇ ಎಂಬುದು ಮನೆಮಂದಿಗೆಲ್ಲ ಗೊತ್ತು. ಅತ್ತೆಗೆ ಮಾತ್ರ ಗೊತ್ತಿಲ್ಲ! ಕೊಲ್ಹಾಪುರದ ಕಣ್ಣಿನ ಡಾಕ್ಟರ ಹತ್ತಿರ ಹೋಗೋಣವೆಂದರೆ, ತಮ್ಮ ಕಣ್ಣು ಗಟ್ಟಿಯಾಗಿವೆ, ಈಗಿನ ಬಲ್ಬುಗಳೇ ಮಂದ ಎನ್ನುತ್ತಾರೆ. ಒಳಗುಟ್ಟು ಬೇರೆ. ಕಣ್ಣು ಮಂಜಾಗಿದೆಯೆಂದು ಒಪ್ಪಿಕೊಂಡರೆ ಒಬ್ಬರೇ ಬಸದಿಗೆ ಹೋಗುವುದನ್ನು ಮಗ ಬಂದ್ ಮಾಡುತ್ತಾನೆ. ಊಟ ಬಿಟ್ಟಾರು, ಅದನ್ನು ಬಿಡಲಾರರು.

ಅಷ್ಟಕ್ಕೂ ಕಣ್ಣೇಕೆ? ಕಿವಿ ಇದೆಯಲ್ಲ! ಇದು ಹಾಲಿನವನ ಫಟಫಟಿ, ಇದು ಕಬ್ಬಿನ ಟ್ರ್ಯಾಕ್ಟರ್ ಎಂದು ಬೆನ್ನ ಹಿಂದಿನ ಸದ್ದಿನಲ್ಲೇ ಗುರುತು ಹಿಡಿದು, ಮನಸ್ಸು ಬಂದರೆ ದಾರಿ ಬಿಡುತ್ತಾರೆ.

ಇಂಥವರಿರುವ ಓಣಿಗೆ ನಾನು ಎಲೆಕ್ಟ್ರಿಕ್ ಕಾರು ತಂದೆ. ಬೆಲ್ಲದ ವ್ಯಾಪಾರಕ್ಕೆ ದಿನಾ ಕೊಲ್ಹಾಪುರಕ್ಕೆ ಓಡಾಡುವವನು ನಾನು, ಡೀಸೆಲ್ಲಾದರೂ ಉಳಿಯಲಿ ಎಂದು. ಅದಕ್ಕೆ ಎಂಜಿನ್ನಿನ ಸದ್ದಿಲ್ಲ. ಮೆಲ್ಲಗೆ ಹೋಗುವಾಗ ನಡೆದಾಡುವವರಿಗೆ ತಿಳಿಯಲೆಂದು ಕಂಪನಿಯವರೇ ಗುಂಯ್ ಎನ್ನುವ ಸದ್ದೊಂದನ್ನು ಕೂರಿಸಿದ್ದಾರೆ. ಒಂದು ದಿನ ಬಸದಿಗೆ ಹೊರಟವರ ಹಿಂದೆ ನಾನು ಮೆಲ್ಲಗೆ ಬರುತ್ತಿದ್ದಾಗ ಅತ್ತೆಯ ಕಿವಿ ಅದನ್ನೂ ಗುರುತು ಹಿಡಿಯಿತು, ಹಿಟ್ಟಿನ ಗಿರಣಿ ಎಂದು! ಗಿರಣಿ ಎಲ್ಲಾದರೂ ಬೆನ್ನು ಹತ್ತಿ ಬರುತ್ತದೆಯೇ? ಇಷ್ಟು ಮುಂಜಾನೆ ಜೋಳ ಬೀಸುವವರು ಯಾರಪ್ಪಾ ಎಂದು ಗೊಣಗುತ್ತ ಗಕ್ಕನೆ ಗಾಡಿಗೇ ಅಡ್ಡ ಹೊರಳಿದರು.

ನನ್ನ ಕಾಲು ಬ್ರೇಕಿನ ಮೇಲೆ ಹೋಗುವ ಮೊದಲೇ ಗಾಡಿ ತಾನೇ ನಿಂತಿತು. ಮುಂದೆ ಮನುಷ್ಯರು ಬಂದರೆ ನಿಲ್ಲುವ ವ್ಯವಸ್ಥೆ ಅದರಲ್ಲೇ ಇದೆ. ಎದೆ ಹಿಡಿದುಕೊಂಡು ಇಳಿದು ಅದನ್ನೆಲ್ಲ ವಿವರಿಸಿದೆ. ಅತ್ತೆ ಬಾನೆಟ್ಟಿನ ಮೇಲೆ ಕೈಯಾಡಿಸಿದರು.

"ದೊಡ್ಡವರು ಬಂದ್ರ ತಾನಾಗೇ ನಿಲ್ಲತೈತಿ ಅಂದ್ರ ನಿನಗಿಂತ ಶಾಣ್ಯಾ ಐತಿ ಬಿಡು."

ಮರುದಿನವೇ, ಯಾರಿಗೂ ಹಿಂಸೆ ಮಾಡದ ನನ್ನ ಗಾಡಿ ಪಕ್ಕಾ ಜೈನ ಎಂದು ಬಸದಿಯಲ್ಲೆಲ್ಲ ಸುದ್ದಿ! ಸಾಲದ್ದಕ್ಕೆ ಗೆಳತಿಯರನ್ನು ಕರೆತಂದು ಗಾಡಿಯ ಮುಂದೆ ಸಾಲಾಗಿ ನಿಲ್ಲಿಸಿ, ಈಗ ಬಿಡು ಎಂದರು. ಅಷ್ಟು ಜನ ಅಜ್ಜಿಯರ ಮೇಲೆ ಗಾಡಿಯ ಧರ್ಮಪರೀಕ್ಷೆ ಮಾಡುವ ಎದೆ ಯಾರಿಗಿದೆ? ಇಳಿದು ಕೈಮುಗಿದೆ.

ಗೆಳತಿಯರು ಚದುರಿದರು. ಅತ್ತೆ ಮಾತ್ರ ಅಲ್ಲೇ ನಿಂತಿದ್ದರು.

"ತಮ್ಮಾ, ಇದಕ್ಕ ಇರಿವಿ ಕಾಣ್ತಾವೇನು?"

ಇರುವೆ ಎಲ್ಲಿಂದ ಕಾಣಬೇಕು, ಮನುಷ್ಯರಷ್ಟೇ ಎಂದು ನಕ್ಕೆ. ಅವರು ನಗಲಿಲ್ಲ.

"ನನಗೂ ಕಾಣಂಗಿಲ್ಲೋ. ದಿನಾ ಎಷ್ಟು ಜೀವ ತುಳಿಯಾಕತ್ತೇನೋ ಏನೋ. ಭಾಳ ಹೆದರಿಕಿ ಬರ್ತೈತಿ."

ಗಾಡಿ ತನಗೆ ಬಡಿದೀತೆಂದು ಒಂದು ದಿನವೂ ಹೆದರದ ಹೆಂಗಸು! ಗಾಡಿಯನ್ನು ಅಲ್ಲೇ ಬಿಟ್ಟು ಅವರ ಕೈ ಹಿಡಿದುಕೊಂಡು ಮನೆಯ ಕಡೆ ನಡೆದೆ. ಡಾಕ್ಟರ ಮಾತನ್ನು ನಾನು ಎತ್ತಲಿಲ್ಲ, ಅವರೇ ಎತ್ತಿದರು. ಓಣಿಯ ತಿರುವಿನಲ್ಲಿ ಇರುವೆ ಸಾಲು ಕಂಡಿತು. ದೊಡ್ಡ ಹೆಜ್ಜೆ ಹಾಕಲು ಹೇಳಿದೆ. ಸೀರೆಯ ನಿರಿಗೆ ಎತ್ತಿ ಹಿಡಿದು, ಕಾಲು ಮೇಲೆತ್ತಿ ದಾಟಿ, ನನ್ನ ಕೈ ಬಿಗಿಯಾಗಿ ಹಿಡಿದು ನಿಂತರು.

"ಎಲ್ಲಾರೂ ಉಳದ್ರೇನು?"

"ಎಲ್ಲಾರೂ ಉಳದ್ರು, ಅತ್ತಿ."