ಫಿಲ್ಟರ್ ಬದಲಿಸಿ ಬೈಸಿಕೊಂಡದ್ದು

ಬೈಕ್ ರಿಪೇರಿ ಅಂಗಡಿ ಇಟ್ಟವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ, ಅದು ಗಾಡಿ ತಳ್ಳಿಕೊಂಡು ತಾನೇ ಬರುತ್ತದೆ. ಅದರಲ್ಲೂ ಪೆಟ್ರೋಲ್ ಫಿಲ್ಟರ್ ವಿಷಯದಲ್ಲಿ. ಟ್ಯಾಂಕಿಗೂ ಇಂಜಿನ್ನಿಗೂ ನಡುವಿನ ಪೈಪಿನಲ್ಲಿ ಕೂತು ಕಸ ಸೋಸುವ, ಹೆಬ್ಬೆರಳಿನಷ್ಟಿರುವ ಡಬ್ಬಿ ಅದು. ಕಸ ತುಂಬಿದರೆ ಗಾಡಿ ನಿಲ್ಲುತ್ತದೆ. ಹೊಲಸು ಫಿಲ್ಟರ್ ಕಂಡರೆ ನನಗೆ ತಡೆಯುವುದಿಲ್ಲ. ಗಾಡಿ ಯಾತಕ್ಕೇ ಬಂದಿರಲಿ, ಮೊದಲು ಅದಕ್ಕೇ ಕೈ. ಆಳಂದದಲ್ಲಿ ಕೆಲಸ ಕಲಿಸಿದ ಉಸ್ತಾದರಿಂದ ಅಂಟಿದ ಚಟ, ಜೇವರ್ಗಿಯಲ್ಲಿ ಸ್ವಂತ ಅಂಗಡಿ ಹಾಕಿದ ಮೇಲೂ ಬಿಟ್ಟಿಲ್ಲ. ಆದರೆ ಫಿಲ್ಟರ್ ಬದಲಿಸಿದ್ದಕ್ಕೇ ಬೈಸಿಕೊಂಡವನೂ ನಾನೇ. ಅದನ್ನು ಕೊನೆಗೆ ಹೇಳುತ್ತೇನೆ.

ಬಿಸಿಲಿಗೆ ಹಾಕಿದ್ದು

ಆಳಂದದಲ್ಲಿದ್ದಾಗ ತೊಗರಿ ವ್ಯಾಪಾರದ ಚಾಚಾ ಒಬ್ಬರು ಗಾಡಿ ತಳ್ಳಿಕೊಂಡು ಬಂದರು. ಹಿಂದೆ ಚಾಚಿ. ಕಿಕ್ ಹೊಡೆದರೆ ಗಾಡಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಫಿಲ್ಟರ್ ಬಿಚ್ಚಿದೆ. ಘಮ್ಮೆಂದು ಸಾಬೂನಿನ ವಾಸನೆ.

"ಚಾಚಾ, ಇದನ್ನ ನೀರಾಗ ತೊಳದೀರೇನ್ರಿ?"

"ಸಾಫ್ ಇಟ್ಕೋರಿ ಅಂತ ನೀನೇ ಹೇಳಿದ್ದಿ. ನಾ ತೊಳದ್ರ ಸಾಫ್ ಆಗಂಗಿಲ್ಲಂತ ಇಕಿ ಕೈಯಾಗ ಕೊಟ್ಟೆ."

ಪೆಟ್ರೋಲಿನಲ್ಲೇ ತೊಳೆಯಬೇಕು, ಒಳಗೆ ನೀರು ಉಳಿದರೆ ಗಾಡಿ ಚಾಲೂ ಆಗುವುದಿಲ್ಲ ಎಂದು ತಿಳಿಸಿ ಹೇಳಿದೆ. ತನ್ನ ಕೆಲಸದಲ್ಲಿ ತಪ್ಪು ಹುಡುಕಿದ್ದು ಚಾಚಿಗೆ ಸೇರಲಿಲ್ಲ.

"ನೀರು ಎಲ್ಲಿ ಉಳೀತದ? ಎರಡು ದಿನ ಬಿಸಲಾಗ ಹಾಕೀನಿ. ಇಸ್ತ್ರಿ ಒಂದು ಮಾಡಿಲ್ಲ ನೋಡು."

ಬಾಣದ ಗುರುತು

ಕಡಗಂಚಿ ಕಡೆಯ ಮಾಸ್ತರೊಬ್ಬರು ಹೊಸ ಫಿಲ್ಟರನ್ನು ತಾವೇ ಹಾಕಿಕೊಂಡಿದ್ದರು. ಫಿಲ್ಟರ್ ಮೇಲೆ ಒಂದು ಬಾಣ ಇರುತ್ತದೆ. ಪೆಟ್ರೋಲ್ ಹರಿಯುವ ದಿಕ್ಕು ಅದು, ಇಂಜಿನ್ನಿನ ಕಡೆಗಿರಬೇಕು. ಇವರದು ಟ್ಯಾಂಕಿಯ ಕಡೆಗಿತ್ತು.

"ಉಲ್ಟಾ ಆಗೇತ್ರಿ ಸರ."

"ಪೆಟ್ರೋಲ್ ಎಲ್ಲೈತಿ? ಟ್ಯಾಂಕಿಯಾಗ. ಬಾಣ ಎಲ್ಲಿಗಿ ತೋರಸ್ತದ? ಟ್ಯಾಂಕಿಗಿ. ಬರೋಬರಿ ಐತಲ್ಲ?"

ತಿರುಗಿಸಿ ಹಾಕಿದೆ, ಗಾಡಿ ಒಂದೇ ಕಿಕ್ಕಿಗೆ ಎದ್ದಿತು. ಮಾಸ್ತರರು ಸ್ವಲ್ಪ ಹೊತ್ತು ಬಾಣವನ್ನೇ ನೋಡಿದರು.

"ಹಂಗಾರ ಛಾಪಿಸಿದವರದ್ದೇ ತಪ್ಪು," ಎಂದು ಗಾಡಿ ಹತ್ತಿ ಹೋದರು.

ನಿಲ್ಲದ ಗಾಡಿ

ನೆಲೋಗಿಯಿಂದ ವಾರಕ್ಕೊಮ್ಮೆ ಜೇವರ್ಗಿ ಸಂತೆಗೆ ಬರುವ ಗಂಡ ಹೆಂಡತಿ ಇದ್ದಾರೆ. ಗಂಡ ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತರಾದವರು. ಅವರ ಹಳೇ ಬೈಕು ಪ್ರತಿ ವಾರ ಅರ್ಧ ದಾರಿಯಲ್ಲಿ, ಒಂದೇ ಬೇವಿನ ಗಿಡದ ಹತ್ತಿರ ನಿಲ್ಲುತ್ತಿತ್ತು. ಹತ್ತು ನಿಮಿಷ ಬಿಟ್ಟರೆ ತಾನೇ ಚಾಲೂ. ಬ್ರೇಕ್ ಹಾಕಿಸಲು ಬಂದಾಗ ಮಾತಿನ ನಡುವೆ ಇದನ್ನು ಹೇಳಿದರು. ನೋಡಿದರೆ ಫಿಲ್ಟರ್ ತುಂಬ ಟ್ಯಾಂಕಿಯ ತುಕ್ಕು. ಪೆಟ್ರೋಲ್ ಹನಿ ಹನಿ ಇಳಿಯುತ್ತಿತ್ತು, ಅದಕ್ಕೇ ಗಾಡಿ ದಣಿದು ನಿಲ್ಲುತ್ತಿತ್ತು. ಟ್ಯಾಂಕಿ ತೊಳೆದು ಹೊಸ ಫಿಲ್ಟರ್ ಹಾಕಿ, ನನ್ನ ಕೆಲಸಕ್ಕೆ ನಾನೇ ಖುಷಿಪಟ್ಟೆ.

ಮುಂದಿನ ವಾರ ಆ ತಾಯಿ ಒಬ್ಬರೇ ಅಂಗಡಿಗೆ ಬಂದರು. ಮುಖ ಗಂಟಿಕ್ಕಿತ್ತು.

"ತಮ್ಮಾ, ಗಾಡಿಗಿ ಏನು ಮಾಡಿದಿ?"

"ಯಾಕ್ರಿ ಅವ್ವಾರ, ಮತ್ತ ನಿಂತತೇನ್ರಿ?"

"ನಿಲ್ಲವಲ್ದಪ್ಪಾ!"

ಇಷ್ಟು ವರ್ಷದಲ್ಲಿ ಗಾಡಿ ನಿಲ್ಲುವುದಿಲ್ಲ ಎಂದು ದೂರು ತಂದವರು ಅವರೊಬ್ಬರೇ. ನಾನು ಸ್ಟೂಲ್ ಕೊಟ್ಟು ಕೂಡಿಸಿದೆ.

"ಚಾಲಕರ ಜೊತೆ ಮಾತಾಡಬ್ಯಾಡ್ರಿ ಅಂತ ಬಸ್ಸಿನಾಗ ಬರದಿರತಾರಲ್ಲ, ನಮ್ಮವರು ಆ ಬೋರ್ಡ್ ಮನಿತನಕ ತಂದಾರ. ಗಾಡಿ ಮ್ಯಾಲೆ ಒಂದು ಮಾತಿಲ್ಲ. ಮನ್ಯಾಗ ಟಿವಿ. ಆ ಗಿಡದ ಕೆಳಗ ನಿಂತಾಗ ಅಷ್ಟೇ ಬಾಯಿ ಬಿಡತಿದ್ರು. ನಾ ಮದುವ್ಯಾಗ ಯಾವ ಬಣ್ಣದ ಸೀರಿ ಉಟ್ಟಿದ್ದೆ ಅಂತ ಹೋದ ತಿಂಗಳು ಹೇಳಿದ್ರು ನೋಡು. ನನಗೇ ಮರತಿತ್ತು." ಸ್ಟೂಲ್ ಮುಂದಕ್ಕೆ ಎಳೆದುಕೊಂಡು ಕೇಳಿದರು, "ಆ ಹಳೇ ಫಿಲ್ಟರ್ ಐತೇನು? ಅದನ್ನೇ ಹಾಕಿಬಿಡು."

ಗೊತ್ತಿದ್ದೂ ಕಸ ತುಂಬಿದ ಫಿಲ್ಟರ್ ಹಾಕಲು ಮನಸ್ಸು ಒಪ್ಪಲಿಲ್ಲ. ಗಾಡಿ ಗಿಡದ ಹತ್ತಿರ ನಿಲ್ಲದೆ ಲಾರಿಯ ಮುಂದೆ ನಿಂತರೆ? "ಬ್ಯಾರೆ ಉಪಾಯ ಮಾಡ್ತೇನಿ, ನೀವು ಸುಮ್ಮನ ಇರ್ರಿ," ಎಂದೆ.

ಸಂತೆ ಮುಗಿಸಿ ಅವರ ಯಜಮಾನರು ಗಾಡಿ ತಂದರು. ಆ ತಾಯಿ ತುಸು ದೂರದಲ್ಲಿ, ಏನೂ ಗೊತ್ತಿಲ್ಲದವರ ಹಾಗೆ ಚೀಲದೊಳಗಿನ ಬದನೆಕಾಯಿ ಎಣಿಸುತ್ತ ನಿಂತರು. ನಾನು ಇಂಜಿನ್ನಿಗೆ ಕಿವಿ ಕೊಟ್ಟು ತಲೆ ಅಲ್ಲಾಡಿಸಿದೆ.

"ಕಾಕಾರ, ಹೊಸಾ ಫಿಲ್ಟರ್ ಹಾಕೀನಲ್ರಿ, ಪೆಟ್ರೋಲ್ ಜೋರ್ ಇಳೀತದ. ಇಂಜಿನ್ ಹಳೇದು, ತಡಕೊಳ್ಳಂಗಿಲ್ಲ. ಅರ್ಧ ದಾರಿಗಿ ನೆರಳು ನೋಡಿ ಹತ್ತು ನಿಮಿಷ ನಿಲ್ಲಸ್ರಿ."

ಅವರು ನನ್ನನ್ನೇ ದಿಟ್ಟಿಸಿದರು. ಮೂವತ್ತು ವರ್ಷ ಇಂಜಿನ್ ಪಕ್ಕ ಕೂತವರ ಮುಂದೆ ಎಂಥ ಸುಳ್ಳು ಹೇಳಿಬಿಟ್ಟೆ ಎಂದು ನಾನು ಇಂಜಿನ್ ಒರೆಸತೊಡಗಿದೆ. ಅವರು ಹೆಂಡತಿಯ ಕಡೆ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದರು.

"ಹತ್ತು ನಿಮಿಷ ಸಾಲಂಗಿಲ್ಲ ತಮ್ಮಾ, ಅರ್ಧ ತಾಸು ಅನ್ನು. ಅಕಿಗಿ ಕೇಳೂವಂಗ ಜೋರಾಗಿ ಅನ್ನು."